ಗಜರಾಯನ ಮೀಸೆ

ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹನುಮೇಶನ ಕಟಿಂಗ್ ಅಂಗಡಿ ಇದೆ. ಹದಿನೈದು ದಿನಕ್ಕೊಮ್ಮೆ ಅವನ ಕುರ್ಚಿಯಲ್ಲಿ ಕೂತು ತಲೆ ಒಪ್ಪಿಸುವುದು ನನ್ನ ರೂಢಿ. ಕಳೆದ ಸಲ ಹೋದಾಗ ಅವನು ನನ್ನ ಮೀಸೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಸಂತೆಯಲ್ಲಿ ಬಾಡಿದ ಮೆಂತ್ಯದ ಸಿವುಡು ನೋಡುವವರ ಹಾಗೆ ನೋಡಿ ಮುಖ ಸಣ್ಣದು ಮಾಡಿದ.

"ಸರ್, ಪೂರಾ ಬೆಳ್ಳಗ ಆಗೇತ್ರಿ. ತಗದು ಬಿಡ್ಲೇನ್ರಿ? ಹತ್ತು ವರ್ಷ ಸಣ್ಣಾವ್ರು ಕಾಣ್ತೀರಿ."

"ತಲಿ ಬೇಕಾದ್ರ ನುಣ್ಣಗ ಬೋಳಸು. ಮೀಸಿಗೆ ಮಾತ್ರ ಕೈ ಹಚ್ಚಬ್ಯಾಡ."

"ಯಾಕ್ರಿ, ಹರಕಿ ಹೊತ್ತೀರೇನು?"

"ಹರಕಿ ಅಲ್ಲೋ ಮಾರಾಯಾ, ಅಪ್ಪಣಿ ಆಗೇತಿ."

ಯಾರ ಅಪ್ಪಣೆ ಎಂದು ಅವನು ಕೇಳಲಿಲ್ಲ. ಹೆಂಡತಿಯದೇ ಇರಬೇಕೆಂದು ತಿಳಿದು ಮುಸಿಮುಸಿ ನಕ್ಕು ಕತ್ತರಿ ಹಿಡಿದ. ಅವನು ಕೇಳದೆ ಬಿಟ್ಟದ್ದನ್ನು ನಿಮಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಪ್ಪಣೆ ಮಾಡಿದವರು ಕಾರಟಗಿಯ ನನ್ನ ಅತ್ತೆ ನೀಲಮ್ಮನವರು. ಅದಕ್ಕೆ ಕಾರಣನಾದವನು ಟೀವಿಯೊಳಗಿನ ಒಬ್ಬ ಖಳನಾಯಕ.

ನನ್ನ ಊರು ಇಟಗಿಯ ಹತ್ತಿರ, ಎರೆ ಹೊಲದ ಸೀಮೆ. ಇಟಗಿಯ ಗುಡಿ ನೋಡಲು ಬಂದವರು ದಾರಿ ತಪ್ಪಿದರೆ ನಮ್ಮೂರಿಗೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ನಾವು ಜೋಳದ ರೊಟ್ಟಿಯ ಮಂದಿ. ನನ್ನ ಹೆಂಡತಿ ಗಿರಿಜಾಳ ತವರಿನವರು ಕಾಲುವೆ ಸೀಮೆಯ ಅನ್ನದ ಮಂದಿ. ಮೊದಲ ಸಲ ಅವರ ಮನೆಯಲ್ಲಿ ಉಣ್ಣಲು ಕೂತಾಗ ಅನ್ನದ ಮೇಲೆ ಅನ್ನ ಬಡಿಸುತ್ತಲೇ ಇದ್ದರು. ರೊಟ್ಟಿ ಈಗ ಬಂದೀತು, ಆಗ ಬಂದೀತು ಎಂದು ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಂಡು ಕೂತಿದ್ದೆ. ರೊಟ್ಟಿ ಬರಲಿಲ್ಲ, ಕೈ ತೊಳೆಯಲು ನೀರು ಬಂತು.

ಆದರೆ ನನಗೂ ಅತ್ತೆಗೂ ಬಿದ್ದ ಬಿರುಕು ರೊಟ್ಟಿಯದಲ್ಲ, ಪಂಚಮಿಯದು. ಶ್ರಾವಣದಲ್ಲಿ ನಾಗರಪಂಚಮಿ ಬಂತೆಂದರೆ ಅಣ್ಣನೋ ತಮ್ಮನೋ ಹೋಗಿ ಮದುವೆಯಾದ ಹೆಣ್ಣುಮಗಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಮದುವೆಯಾದ ಮೊದಲ ಪಂಚಮಿ ಎಂದರೆ ಕೇಳುವುದೇ ಬೇಡ. ನಾನೋ ಅಕ್ಕತಂಗಿಯರಿಲ್ಲದ ಮನೆಯಲ್ಲಿ ಬೆಳೆದವನು. ಪಂಚಮಿ ಎಂದರೆ ನನ್ನ ಲೆಕ್ಕದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತಿನ್ನುವ ಹಬ್ಬ, ಅಷ್ಟೇ. ಆಗಷ್ಟೇ ಕುಷ್ಟಗಿಯ ಶಾಲೆಗೆ ಮಾಸ್ತರನಾಗಿ ಬಂದು ಬಾಡಿಗೆ ಮನೆ ಹಿಡಿದಿದ್ದೆವು. ಗಿರಿಜಾಳ ತಮ್ಮ ಬಸು ಅಕ್ಕನನ್ನು ಕರೆಯಲು ಬಂದ. ನಾನು ದೊಡ್ಡ ಮನುಷ್ಯನ ಹಾಗೆ, "ಸಾಲ್ಯಾಗ ಝಂಡಾ ಏರಸೂದು ಐತಿ. ಅದು ಮುಗೀಲಿ, ನಾನ ಕರ್ಕೊಂಡು ಬರ್ತೀನಿ" ಎಂದುಬಿಟ್ಟೆ. ಝಂಡಾ ನೆಪ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಖಾನಾವಳಿಯ ಊಟಕ್ಕೆ ಹೆದರಿದ್ದೆ, ಅದು ನಿಜ.

ಬಸು ಚಹಾ ಕುಡಿದು ಒಬ್ಬನೇ ಹೋದ. ಗಿರಿಜಾ ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟಳು. ಏನೂ ಅನ್ನಲಿಲ್ಲ. ಏನೂ ಅನ್ನದಿದ್ದ ಮೇಲೆ ಎಲ್ಲ ಸರಿಯಿದೆ ಎಂದು ನಾನು ತಿಳಿದುಕೊಂಡೆ. ಗಂಡಸರಿಗೆ ಇಂಥ ತಿಳುವಳಿಕೆ ಬೇಗ ಬರುತ್ತದೆ.

ಅತ್ತ ಕಾರಟಗಿಯಲ್ಲಿ ಅತ್ತೆ ಡಬ್ಬಿ ತುಂಬ ಉಂಡಿ ಕಟ್ಟಿಟ್ಟಿದ್ದರು. ಅಂಗಳದ ಬೇವಿನ ಮರಕ್ಕೆ ಮಗಳಿಗೆಂದು ಹೊಸ ಹಗ್ಗದ ಜೋಕಾಲಿ ಕಟ್ಟಿಸಿದ್ದರು. ಬಸು ಒಬ್ಬನೇ ಒಳಗೆ ಬಂದಾಗ ಅವರು ಟೀವಿ ನೋಡುತ್ತಿದ್ದರಂತೆ. ಆ ವಾರವೇ ಹೊಸದೊಂದು ಧಾರಾವಾಹಿ ಶುರುವಾಗಿತ್ತು. ಅದರೊಳಗೆ ಗಜರಾಯ ಎಂಬ ಸಾಹುಕಾರ, ಸುಮತಿ ಎಂಬ ಹುಡುಗಿಯನ್ನು ಅವಳಪ್ಪನ ಮೇಲಿನ ಹಟಕ್ಕೆ ಮದುವೆಯಾಗಿ ತಂದು, "ಈ ಹೊಸ್ತಿಲು ದಾಟಿ ತವರಿಗೆ ಹೋದೀಯಾ, ಜೋಕೆ" ಎಂದು ಮೀಸೆ ತಿರುವುತ್ತಿದ್ದ. ಅತ್ತೆ ಟೀವಿ ನೋಡಿದರು. ಬರಿಗೈಯಲ್ಲಿ ನಿಂತ ಮಗನನ್ನು ನೋಡಿದರು. ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ನೋಡಿದರು.

"ಅಂವನ ಮೀಸಿ, ಇಂವನ ಮೀಸಿ ಒಂದ ಅಚ್ಚು. ನನ್ನ ಕಣ್ಣಿಗೆ ಮೊದಲ ಕಾಣಬಾರದಿತ್ತೇನು?" ಎಂದರಂತೆ.

ಅಲ್ಲಿಂದ ನಾನು ಆ ಮನೆಯಲ್ಲಿ ಗಜರಾಯನಾದೆ. ಎದುರಿಗಲ್ಲ, ಹಿಂದೆ. ಫೋನಿನಲ್ಲಿ ಮಗಳನ್ನು ಕೇಳುತ್ತಿದ್ದರು, "ನಿಮ್ಮ ಗಜರಾಯ ಸಾಲಿಗಿ ಹೋಗ್ಯಾನೇನು?" ಗಿರಿಜಾ ಫೋನಿನ ಮೇಲೆ ಕೈ ಮುಚ್ಚುತ್ತಿದ್ದಳು, ಆದರೆ ಅತ್ತೆಯ ದನಿ ಗದ್ದೆಯಲ್ಲಿ ಆಳುಗಳನ್ನು ಕರೆದು ಪಳಗಿದ ದನಿ, ಕೈಗೆ ತಡೆಯುವುದಲ್ಲ.

ಎದುರಿಗೆ ಮಾತೇ ಇಲ್ಲ. ನಮ್ಮ ಕಡೆಯ ಹಳೆಯ ಅತ್ತೆಯಂದಿರು ಅಳಿಯನ ಮುಂದೆ ನಿಂತು ಮಾತಾಡುವವರಲ್ಲ. ತಲೆಯ ಮೇಲೆ ಸೆರಗು, ಬಾಗಿಲ ಮರೆ, ಹೇಳುವುದಿದ್ದರೆ ಮಗಳಿಗೆ ಹೇಳಬೇಕು ಇಲ್ಲವೆ ಗೋಡೆಗೆ ಹೇಳಬೇಕು. ಆದರೆ ವರ್ಷ ಎರಡು ವರ್ಷ ಕಳೆದ ಮೇಲೆ ಆ ಮರೆ ತಾನಾಗಿ ಸರಿಯುತ್ತದೆ. ಅದೇ ಓಣಿಯ ಬೇರೆ ಅಳಿಯಂದಿರಿಗೆ ಅವರ ಅತ್ತೆಯಂದಿರು "ಬಂದ್ರ್ಯಾ? ಆರಾಮ ಅದೀರಿ? ಉಣ್ಣಾಕ ಏಳ್ರಿ" ಎನ್ನುವುದನ್ನು ಕಿವಿಯಾರೆ ಕೇಳಿದ್ದೇನೆ. ನನ್ನ ಅತ್ತೆ ಮಾತ್ರ ಪದ್ಧತಿಯನ್ನು ಬಿಗಿಯಾಗಿ ಹಿಡಿದರು. ತಪ್ಪು ಎನ್ನುವ ಹಾಗೂ ಇಲ್ಲ. ಒಂದು "ಉಣ್ಣಾಕ ಏಳ್ರಿ" ಎಂಬ ಮಾತಿಗಾಗಿ ನಾನು ಆರು ವರ್ಷ ಕಾದೆ. ಎಂಟನೆಯ ತರಗತಿಗೆ ಬೀಜಗಣಿತ ಕಲಿಸುವ ಮನುಷ್ಯ, ಮೂರು ಹೊತ್ತು ಉಣ್ಣುವವ, ಒಂದು ಮಾತಿಗೆ ಹಸಿದು ಕೂತಿದ್ದೆ ಎಂದರೆ ನಗಬೇಡಿ.

ಅವರು ಮಾತಾಡಲಿಲ್ಲ ಎಂದರೆ ಸುಳ್ಳಾದೀತು. ಟೀವಿಗೆ ಮಾತಾಡುತ್ತಿದ್ದರು. ಸಂಜೆಯ ಹೊತ್ತು ಎಮ್ಮೆ ಹಿಂಡುವ ಕೆಲಸ, ಅದಕ್ಕೆ ಮಧ್ಯಾಹ್ನದ ಮರುಪ್ರಸಾರವೇ ಅವರ ಹೊತ್ತು. ಪಡಸಾಲೆಯಲ್ಲಿ ಟೀವಿ, ಎದುರಿಗೆ ಅಡುಗೆಮನೆಯ ಹೊಸ್ತಿಲ ಮೇಲೆ ಅತ್ತೆ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ರಜೆಗೆ ಹೋದಾಗಲೆಲ್ಲ ಇದೇ ನನ್ನ ಜಾಗ. ಗಜರಾಯ ಸುಮತಿಯ ಮೇಲೆ ದನಿ ಎತ್ತಿದರೆ ಸಾಕು, ನನ್ನ ತಲೆಯ ಮೇಲಿಂದ ಬೈಗುಳ ಹಾರಿ ಹೋಗುತ್ತಿದ್ದವು.

"ಏ ಭಾಡ್ಯಾ! ಹೆತ್ತಾಕಿ ಹಾದಿ ಕಾಯ್ತಾಳು ಅನ್ನೂ ಖಬರ ಐತೇನು ನಿನಗ? ನಿನ್ನ ಮೀಸಿಗೆ ಬೆಂಕಿ ಬೀಳ!" ಎಂದು ಎರಡೂ ಕೈಯ ಬೆರಳುಗಳನ್ನು ನೆಲಕ್ಕೊತ್ತಿ ಲಟಲಟ ಲಟಿಕೆ ಮುರಿಯುತ್ತಿದ್ದರು. ಆ ಶಾಪದ ಸದ್ದಿಗೆ ನನ್ನ ಕೈ ತಾನಾಗಿ ಮೀಸೆಯ ಮೇಲೆ ಹೋಗುತ್ತಿತ್ತು. ಗಿರಿಜಾ ಅಕ್ಕಿ ಆರಿಸುವ ಮೊರದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಈವರೆಗೂ ಹೇಳಿಲ್ಲ.

ಟೀವಿಯ ಮನುಷ್ಯನನ್ನು ನಿಜವೆಂದು ನಂಬಿದ ಹೆಂಗಸು ಎಂದು ನೀವು ಅತ್ತೆಯನ್ನು ಹಗುರವಾಗಿ ಕಾಣಬೇಡಿ. ಚಿಕ್ಕವನಿದ್ದಾಗ ನಾನೂ ಹಾಗೆಯೇ ಇದ್ದೆ. ನಮ್ಮೂರ ದೊಡ್ಡಾಟದಲ್ಲಿ ಶಂಕ್ರಪ್ಪ ಎಂಬ ದರ್ಜಿ ರಾಕ್ಷಸನ ವೇಷ ಹಾಕುತ್ತಿದ್ದ. ಅವನು ಎಂಥ ಸಾತ್ವಿಕ ಎಂದರೆ ಹೊಲಿಗೆ ಯಂತ್ರದ ಮೇಲೆ ಬೆಕ್ಕು ಮಲಗಿದರೆ ಅದು ಏಳುವ ತನಕ ಕೆಲಸ ನಿಲ್ಲಿಸುವವ. ಆದರೂ ಶಾಲೆಯ ಚಡ್ಡಿಗೆ ಅಳತೆ ಕೊಡಲು ಅವ್ವ ಅವನ ಬಳಿಗೆ ಎಳೆದೊಯ್ದಾಗ ಕಂಬ ತಬ್ಬಿಕೊಂಡು ಚೀರಿದ್ದೆ. ಅವನು ಅಳತೆಯ ಟೇಪನ್ನು ದೂರದಿಂದಲೇ ಅವ್ವನ ಕೈಗೆ ಕೊಟ್ಟು, "ನೀವ ಹಿಡಿರಿ ಯಕ್ಕಾ, ಅಂಜ್ಯಾನ ಪಾಪ" ಎಂದ. ಆ ವರ್ಷದ ಚಡ್ಡಿ ಮೊಣಕಾಲಿನ ಕೆಳಗೆ ಬಂದಿತ್ತು. ಶಂಕ್ರಪ್ಪನ ಮುಖದಲ್ಲಿ ಆಗ ಏನಿತ್ತೆಂಬುದು ನಾನೂ ಒಬ್ಬರ ಕಣ್ಣಿಗೆ ರಾಕ್ಷಸನಾದ ಮೇಲೆಯೇ ಗೊತ್ತಾಯಿತು.

ಇನ್ನು ಗಜರಾಯನ ವಿಷಯ. ಆ ಧಾರಾವಾಹಿಯಲ್ಲಿ ನಾಯಕ ಅಂತ ಒಬ್ಬ ಬೇರೆ ಇದ್ದ. ಬಿಳಿ ಅಂಗಿ ಹಾಕಿಕೊಂಡು, ಸುಮತಿಯ ನೆನಪಿನಲ್ಲಿ ಕೆರೆಯ ದಂಡೆಗೆ ನಿಂತು ಅಳುವುದು ಅವನ ಉದ್ಯೋಗ. ಅವನು ಬಂದರೆ ಅತ್ತೆ ಎದ್ದು ಒಲೆಯ ಮೇಲಿನ ಸಾರು ನೋಡಲು ಹೋಗುತ್ತಿದ್ದರು. ಗಜರಾಯ ಬಂದರೆ ಸಾರು ಸೀದರೂ ಏಳುತ್ತಿರಲಿಲ್ಲ. "ಹೀರೋನ್ನ ಯಾರು ನೋಡ್ತಾರ ಬಿಡ್ರಿ ಮಾವಾ. ಮಂದಿ ಕುಂದ್ರೂದು ಗಜರಾಯನ್ನ ಬಯ್ಯಾಕ" ಎಂದು ಬಸು ನನಗೆ ಹೇಳುತ್ತಿದ್ದ. ಧಾರಾವಾಹಿ ಮಾಡುವವರಿಗೂ ಅದು ತಿಳಿಯಿತೋ ಏನೋ, ನಿಧಾನಕ್ಕೆ ಗಜರಾಯನನ್ನು ಬದಲಾಯಿಸಲು ಹತ್ತಿದರು. ಎಷ್ಟು ನಿಧಾನ ಎಂದರೆ, ಅದನ್ನು ನೆನೆದರೆ ಈಗಲೂ ಆ ನಟನಿಗೆ ಕೈ ಮುಗಿಯಬೇಕು ಎನ್ನಿಸುತ್ತದೆ.

ಒಂದೇ ಏಟಿಗೆ ಕಾಲಿಗೆ ಬಿದ್ದು ಅತ್ತು ಒಳ್ಳೆಯವನಾಗಲಿಲ್ಲ ಅವನು. ಮೊದಲು ಅವನ ಚಪ್ಪಲಿ ಬದಲಾಯಿತು. ವರ್ಷವಿಡೀ ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಗೆ ನುಗ್ಗುತ್ತಿದ್ದವನು ಒಂದು ದಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಚಪ್ಪಲಿ ಕಳಚಿ ಒಳಗೆ ಹೋದ. ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಹಿಂದೆ ಸಂಗೀತವೂ ಬರಲಿಲ್ಲ. ನಾನು ಗಮನಿಸಿರಲಿಲ್ಲ. ಅತ್ತೆ ಗಮನಿಸಿದರು. "ಅಯ್ಯ, ಕಾಲಾಗಿಂದು ತಗದ!" ಎಂದರು. ಆಮೇಲೆ ಎಷ್ಟೋ ದಿನದ ಮೇಲೆ, ಸುಮತಿ ಉಪವಾಸ ಇದ್ದಾಳೆಂದು ತಿಳಿದು ತಾನೂ ತಾಟು ಸರಿಸಿದ. ಕ್ಷಮೆ ಕೇಳಲು ಬಾಯಿ ತೆರೆದು, ಬಾರದೆ, ಮೀಸೆ ತಿರುವಿ ಹೊರಗೆ ಹೋದ. ಆ ತಿರುವುವುದರಲ್ಲಿ ಮೊದಲಿನ ಸೊಕ್ಕು ಇರಲಿಲ್ಲ. ಅದೇ ಮೀಸೆ, ಅದೇ ಕೈ, ಆದರೆ ಕಣ್ಣು ಬೇರೆ. ಮುಖದ ಒಂದು ಗೆರೆ ಅಲುಗಿಸಿ ಮನುಷ್ಯ ನಾಚಿಕೊಂಡದ್ದನ್ನು ತೋರಿಸುವುದು ಸಣ್ಣ ವಿದ್ಯೆಯಲ್ಲ. ಶುರುವಿನ ಹಾಡಿನಲ್ಲಿ ಅವನ ಚಿತ್ರ ಮೊದಲು ಮೂಲೆಯ ಕತ್ತಲಲ್ಲಿ ಇರುತ್ತಿತ್ತು. ವರ್ಷದಿಂದ ವರ್ಷಕ್ಕೆ ಒಂದೊಂದು ಹೆಜ್ಜೆ ಸರಿದು, ಬಿಳಿ ಅಂಗಿಯವನನ್ನು ಬದಿಗೊತ್ತಿ, ನಟ್ಟನಡುವೆ ಬಂದು ನಿಂತ.

ಅವನ ಜೊತೆಗೆ ನಾನೂ ಸರಿದೆ. ಚಪ್ಪಲಿ ಬಿಟ್ಟ ವಾರ ನನ್ನ ಚಹಾಕ್ಕೆ ಏಲಕ್ಕಿ ಬಿತ್ತು. ಉಪವಾಸದ ಕಂತಿನ ಮೇಲೆ ನನ್ನ ಅನ್ನದ ಮೇಲೆ ತುಪ್ಪ ಕಂಡಿತು. ಕುಷ್ಟಗಿಯಲ್ಲಿ ನಾನು ದಿನಾ ಸಂಜೆ ಧಾರಾವಾಹಿ ನೋಡಲು ಕೂರುತ್ತಿದ್ದೆ, ಕಾರಟಗಿಯಲ್ಲಿ ನನ್ನ ಮರ್ಯಾದೆ ಎಲ್ಲಿಗೆ ಬಂತು ಎಂದು ತಿಳಿಯಲು. ಗಜರಾಯ ಒಂದು ಒಳ್ಳೆಯ ಕೆಲಸ ಮಾಡಿದರೆ, "ಈ ಶನಿವಾರ ನಿಮ್ಮೂರಿಗೆ ಹೋಗಿ ಬರೂಣೇನು?" ಎಂದು ಗಿರಿಜಾಳನ್ನು ಕೇಳುತ್ತಿದ್ದೆ. ಅವನು ಎಂದಾದರೂ ಹಳೆಯ ಚಾಳಿಗೆ ತಿರುಗಿದರೆ ಉತ್ತರ ಪತ್ರಿಕೆ ತಿದ್ದುವುದಿದೆ ಎಂದು ಹೇಳಿ ಊರಲ್ಲೇ ಉಳಿಯುತ್ತಿದ್ದೆ.

ಒಂದು ಬೇಸಿಗೆ ರಜೆಯ ಮಧ್ಯಾಹ್ನ. ಗಜರಾಯ ಸುಮತಿಯ ಚೀಲವನ್ನು ತನ್ನ ಹೆಗಲ ಮೇಲೆ ಹೊತ್ತು ಅವಳ ತವರಿನ ಮುಂದೆ ಬಂದು ನಿಂತ. ಒಳಗೆ ಹೋಗಲು ಮುಖವಿಲ್ಲ. ಚೀಲ ಇಳಿಸಿ, ತಲೆ ತಗ್ಗಿಸಿ, ಬಿಸಿಲಲ್ಲಿ ನಿಂತೇ ಇದ್ದ. ಸುಮತಿಯ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಾನೆ, ಕರೆಯುವುದಿಲ್ಲ. ನನ್ನ ಹಿಂದೆ ಹೊಸ್ತಿಲ ಮೇಲಿಂದ ಅತ್ತೆಯ ದನಿ ಬಂತು, ಬೈಗುಳದ ದನಿಯಲ್ಲ.

"ಬಾರಪ್ಪಾ ಒಳಗ. ಬಿಸಿಲಾಗ ಯಾಕ ನಿಂತಿ?"

ಒಂದು ಕ್ಷಣ ನನಗೇ ಅಂದರೋ ಎಂದು ತಿರುಗಿ ನೋಡಿದೆ. ಅವರ ಕಣ್ಣು ಟೀವಿಯ ಮೇಲಿತ್ತು. ನನಗೆ ಗಜರಾಯನ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಜೊತೆಗೆ ನಾಚಿಕೆಯೂ ಆಯಿತು. ಅವನು ಚೀಲ ಹೊತ್ತಿದ್ದ, ಬಿಸಿಲಲ್ಲಿ ನಿಂತಿದ್ದ. ನಾನೇನು ಮಾಡಿದ್ದೆ? ಕುರ್ಚಿಯಲ್ಲಿ ಕೂತು ಅವನು ದುಡಿದ ತುಪ್ಪವನ್ನು ಉಂಡಿದ್ದೆ. ಮೊದಲ ಪಂಚಮಿಯ ಮರುವರ್ಷದಿಂದ ಗಿರಿಜಾಳನ್ನು ತವರಿಗೆ ಕಳಿಸುತ್ತಿದ್ದೆ, ನಿಜ. ಆದರೆ ಬೇವಿನ ಮರಕ್ಕೆ ಮತ್ತೆ ಜೋಕಾಲಿ ಕಟ್ಟಿರಲಿಲ್ಲ. "ಒಮ್ಮೆ ಖಾಲಿ ತೂಗಿದ್ದು ಸಾಕು" ಎಂದು ಅತ್ತೆ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಎಸೆದಿದ್ದರಂತೆ. ಇದನ್ನು ಗಿರಿಜಾ ಆ ಮಧ್ಯಾಹ್ನ ಹೇಳಿದಳು, ನಾನು ಕೇಳಿದ್ದಕ್ಕೆ. ಅಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಆ ಶ್ರಾವಣದಲ್ಲಿ ಬಸು ಕರೆಯಲು ಬರುವ ಮೊದಲೇ ಶಾಲೆಗೆ ರಜೆ ಹಾಕಿ, ಗಿರಿಜಾಳ ಚೀಲ ನಾನೇ ಹೊತ್ತು ಕಾರಟಗಿಗೆ ಹೋದೆ. ಅಟ್ಟ ಹತ್ತಿ ಹಗ್ಗ ಇಳಿಸಿದೆ. ಮೈಯೆಲ್ಲ ಜೇಡರ ಬಲೆ. ಬಸು, "ನಾ ಕಟ್ತೀನಿ ಬಿಡ್ರಿ ಮಾವಾ, ನಿಮಗ ರೂಢಿ ಇಲ್ಲ" ಎಂದ. ಬೇಡವೆಂದೆ. ಮರ ಏರಿ ಕೊಂಬೆಗೆ ಎರಡು ಸುತ್ತು ಹಾಕಿ, ಗಣಿತದ ಮಾಸ್ತರನ ಬುದ್ಧಿ ಖರ್ಚು ಮಾಡಿ ಗಂಟು ಬಿಗಿದೆ. ಗಟ್ಟಿಯಿದೆಯೋ ಇಲ್ಲವೋ ನೋಡಬೇಕಲ್ಲ, ಇಳಿದು ನಾನೇ ಮೊದಲು ಕೂತೆ. ಎರಡನೆಯ ತೂಗಿಗೆ ಗಂಟು ಜಾರಿ, ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ದಪ್ಪನೆ ಅಂಗಳಕ್ಕೆ ಬಿದ್ದೆ. ನಗು ಎಲ್ಲ ಕಡೆಯಿಂದ ಬಂತು. ಬಾಗಿಲ ಮರೆಯಿಂದಲೂ ಒಂದು ನಗು ಬಂತು, ಸೆರಗು ಬಾಯಿಗೊತ್ತಿ ಹಿಡಿದರೂ ನಿಲ್ಲದ ನಗು. ಬಸು ಬಂದು ಗಂಟು ಸರಿಮಾಡಿದ. ಗಿರಿಜಾ ಜೀಕಿದಳು, ಬೇವಿನ ಎಲೆ ತಲೆಗೆ ತಾಗುವ ಹಾಗೆ. ಅತ್ತೆ ಸೊಂಟ ನೋವಿಗೆ ಎಣ್ಣೆ ಕಾಯಿಸಿ ಮಗಳ ಕೈಯಲ್ಲಿ ಕಳಿಸಿದರು. ಮಾತು ಮಾತ್ರ ಬರಲಿಲ್ಲ.

ಅದು ಬಂದದ್ದು ಆ ವರ್ಷದ ದಸರಾ ರಜೆಯಲ್ಲಿ. ಹಿಂದಿನ ಸಂಜೆ ಬಸ್ಸಿನಲ್ಲಿದ್ದೆವು, ಕಂತು ನೋಡಿರಲಿಲ್ಲ. ಮಧ್ಯಾಹ್ನ ಎಲ್ಲರೂ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಸುಮತಿಯ ಅಪ್ಪನ ದವಸದ ಗೋದಾಮಿಗೆ ಬೆಂಕಿ ಬಿದ್ದಿದೆ, ಮುದುಕ ಒಳಗೆ ಸಿಕ್ಕಿಕೊಂಡಿದ್ದಾನೆ. ಬಿಳಿ ಅಂಗಿಯವನು ಹೊರಗೆ ನಿಂತು ಕೂಗುತ್ತಿದ್ದಾನೆ. ಗಜರಾಯ ಏನೂ ಮಾತಾಡದೆ ಕಂಬಳಿ ಹೊದ್ದು ಒಳಗೆ ನುಗ್ಗಿದ. ಯಾವ ಮಾವನ ಮೇಲಿನ ಹಟಕ್ಕೆ ಅವನ ಮಗಳನ್ನು ತಂದನೋ ಆ ಮಾವನನ್ನೇ ಎತ್ತಿ ಕಿಟಕಿಯಿಂದ ಹೊರಗೆ ದಾಟಿಸಿದ. ತಾನು ದಾಟುವಷ್ಟರಲ್ಲಿ ತೊಲೆ ಬಿತ್ತು. ಕೊನೆಗೆ ಮಸಿ ಹಿಡಿದ ಮುಖದಲ್ಲಿ ಸುಮತಿಯನ್ನು ನೋಡಿ, ಕೈ ಮೀಸೆಗೆ ಹೋಯಿತು, ತಿರುವಲಿಲ್ಲ, ಹಾಗೇ ಕೆಳಗಿಳಿಯಿತು. ಆ ನಟ ಅದೆಷ್ಟು ಚೆನ್ನಾಗಿ ಸತ್ತ ಎಂದರೆ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಬಸು ಕೂಡ ಮೊಬೈಲು ಕೆಳಗಿಟ್ಟಿದ್ದ.

ಹೊಸ್ತಿಲ ಕಡೆ ತಿರುಗಿ ನೋಡಿದರೆ ಅತ್ತೆಯ ತಲೆಯ ಸೆರಗು ಜಾರಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ಟೀವಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು, ಅಂಜಿದ ಕಣ್ಣಿಂದ.

ಎದ್ದು ಒಳಗೆ ಹೋದರು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಪಡಸಾಲೆಯ ನಡುವೆ, ಮಗ ಮಗಳ ಎದುರಿಗೆ, ನನ್ನ ತಲೆಯಿಂದ ಪಾದದ ತನಕ ಮೂರು ಸಲ ನಿವಾಳಿಸಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿ ಬಂದರು. ಆಮೇಲೆ ಎರಡೂ ಕೈಯನ್ನು ನನ್ನ ಕೆನ್ನೆಯ ಮೇಲಿಂದ, ಮೀಸೆಯ ಮೇಲಿಂದ ಇಳಿಸಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ಲಟಿಕೆ ಮುರಿದರು. ಹತ್ತೂ ಬೆರಳು ಲಟಲಟ ಎಂದವು. ನೆಲಕ್ಕೊತ್ತಿ ಮುರಿದರೆ ಶಾಪ, ಕಣತಲೆಗೊತ್ತಿ ಮುರಿದರೆ ಮುದ್ದು. ಅವೇ ಬೆರಳು, ಅದೇ ಸದ್ದು. ಆ ಸದ್ದು ನೆಲದಿಂದ ಅಲ್ಲಿಗೆ ಏರಲು ಆರು ವರ್ಷ ಹಿಡಿದಿತ್ತು.

ನನ್ನ ಮುಖವನ್ನೇ ನೋಡಿ ಅಂದರು:

"ಅಂವ ಹೋದ. ನೀವಾದ್ರೂ ಇರ್ರಿ. ಆ ಮೀಸಿ ಮಾತ್ರ ತಗೀಬ್ಯಾಡ್ರಿ."

"ಆತ್ರಿ ಅತ್ತಿ" ಎಂದಷ್ಟೇ ಬಾಯಿಂದ ಬಂತು. ಅವರು ಸೆರಗನ್ನು ತಲೆಗೆಳೆದುಕೊಂಡರು, ಆದರೆ ಬಾಗಿಲ ಮರೆಗೆ ಹೋಗಲಿಲ್ಲ. ಮೂಗೊರೆಸಿಕೊಂಡು ಟೀವಿ ಬಂದ್ ಮಾಡಿದರು. ಮಾಡಿದ ಅಡುಗೆ ಆರುತ್ತಿದೆ ಎಂದು ಯಾರಿಗೋ ಹೇಳುವಂತೆ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ನನ್ನ ಕಡೆಗೇ ತಿರುಗಿದರು.

"ಉಣ್ಣಾಕ ಏಳ್ರಿ. ಇವತ್ತ ನಿಮ್ಮ ಸಲುವಾಗಿ ರೊಟ್ಟಿ ಬಡದೀನಿ."